ಹಾಲುಹಲ್ಲಿನ ಬಿಳಿ

ಬಾಗಿಲ ಗಂಟೆ ಬಾರಿಸಿದ್ದೇ ತಡ, ಆಕೆ ಕಾದ ಬಾಣಲೆಯನ್ನು ಒಲೆಯಿಂದ ಎತ್ತಿ ಪಕ್ಕದ ಕಟ್ಟೆಯ ಮೇಲಿಟ್ಟು ಓಡಿದಳು. ಹಳೆಯ ಕರಿಕಲ್ಲಿನ ಮೇಲೆ ವರ್ಷಗಟ್ಟಲೆ ಹಾಗೆಯೇ ಇಟ್ಟು ರೂಢಿಯಾದ ಕೈ. ಕಟ್ಟೆ ಬದಲಾಗಿದೆಯೆಂದು ಅದಕ್ಕೇನು ಗೊತ್ತು? ಬಂದವನೋ ಮನೆ ತಪ್ಪಿ ಬಂದವನು. ಅವನಿಗೆ ದಾರಿ ತೋರಿಸಿ ಬಂದು ಬಾಣಲೆ ಎತ್ತಿ ನೋಡುತ್ತಾಳೆ, ಹೊಚ್ಚ ಹೊಸ ಬಿಳಿ ಕ್ವಾರ್ಟ್ಸ್ ಕಟ್ಟೆಯ ಮೇಲೆ ಅಂಗೈಯಗಲದ ಹಳದಿ ಕಲೆ! ಸೋಪು ಹಾಕಿದಳು, ನಿಂಬೆಹಣ್ಣು ಉಜ್ಜಿದಳು, ಕೊನೆಗೆ ಟೂತ್‌ಪೇಸ್ಟ್ ಬಳಿದು ತಿಕ್ಕಿದಳು. ಕಲೆ ಜಪ್ಪಯ್ಯ ಎನ್ನಲಿಲ್ಲ. ತರಕಾರಿ ಹೆಚ್ಚುವ ಮಣೆಯನ್ನು ತಂದು ಅದರ ಮೇಲೆ ಮುಚ್ಚಿಟ್ಟಳು.

ಬೇರೆ ಯಾರ ಗಂಡನಾಗಿದ್ದರೂ ಸುಲಭವಾಗಿ ಯಾಮಾರಿಸಬಹುದಿತ್ತು. ಈಕೆಯ ಯಜಮಾನರು ದಂತವೈದ್ಯರಿಗೆ ಹಲ್ಲಿನ ಕ್ಯಾಪ್ ಮಾಡಿಕೊಡುವವರು. ಬಾಯಲ್ಲಿರುವ ಹಲ್ಲುಗಳ ಬಣ್ಣ ನೋಡಿ, ಹೊಸ ಹಲ್ಲು ಯಾವುದೆಂದು ಹಾಕಿಸಿಕೊಂಡವನ ಸ್ವಂತ ಹೆಂಡತಿಗೂ ಗೊತ್ತಾಗದಂತೆ ಬಣ್ಣ ಕೂಡಿಸುವುದೇ ಅವರ ಹೊಟ್ಟೆಪಾಡು. ಈ ಕಟ್ಟೆಯ ಕಲ್ಲು ಆರಿಸುವಾಗ ಅಂಗಡಿಯವನ ಜೀವ ತಿಂದುಬಿಟ್ಟಿದ್ದರು. ಇದು ಸಿಗರೇಟು ಸೇದುವವನ ಬಿಳಿ, ಇದು ನರ ಸತ್ತ ಹಲ್ಲಿನ ಬಿಳಿ ಎಂದು ಒಂದೊಂದನ್ನೂ ಪಕ್ಕಕ್ಕೆ ತಳ್ಳಿ, ಕೊನೆಗೆ ಒಂದರ ಮೇಲೆ ಕೈಯಿಟ್ಟು, "ಹಾಲುಹಲ್ಲು! ಇದನ್ನೇ ಹಾಕಿ" ಎಂದಿದ್ದರು. ಅಂದಿನಿಂದ ಆಕೆಗೆ ಅಡುಗೆಯೆಂದರೆ ಪರೀಕ್ಷೆ. ಟೀ ಲೋಟ ಕುಕ್ಕಿದ ಸದ್ದಾದರೂ ಸಾಕು, ಕಲೆಯಾದೀತೆಂದು ನಡುಮನೆಯಿಂದಲೇ ಕೂಗು ಬರುತ್ತಿತ್ತು. ಹೀಗಿರುವಾಗ ಕಲೆ ಅವರ ಕಣ್ಣಿಗೆ ಬಿದ್ದರೆ ಇನ್ನೊಂದು ವರ್ಷ ಅದೇ ಪುರಾಣ ಕೇಳಬೇಕು. ಆಕೆ ಮಣೆಯನ್ನು ಅಲ್ಲಿಂದ ಅಲುಗಾಡಲು ಬಿಡಲಿಲ್ಲ.

ಅಲುಗಾಡಿಸಿದವಳು ಆಕೆಯ ತಂಗಿ. ಹೊಸ ಅಡುಗೆಮನೆ ನೋಡಲು ಬಂದವಳು, ಅಕ್ಕ ಅತ್ತ ತಿರುಗಿ ಟೀ ಸೋಸುತ್ತಿರುವಾಗ, ಮಣೆ ಎತ್ತಿ ತೊಳೆದು ಗೋಡೆಗೆ ಒರಗಿಸಿದಳು. ಕೈ ಒರೆಸಿಕೊಳ್ಳಲು ಬಾಗಿಲ ತನಕ ಹೋಗಿ ತಿರುಗಿದವಳೇ ಕಣ್ಣರಳಿಸಿದಳು.

"ಅಯ್ಯೋ ಅಕ್ಕಾ, ಇದೇನೇ ಇಷ್ಟು ದೊಡ್ಡ ಹಳದಿ ಕಲೆ? ಇಲ್ಲಿಗೇ ರಾಚ್ತಾ ಇದೆ!"

"ಮೆಲ್ಲಗೆ ಮಾತಾಡೇ ಮಾರಾಯ್ತಿ! ಭಾವನಿಗೆ ಇನ್ನೂ ಗೊತ್ತಿಲ್ಲ."

ಅಷ್ಟರಲ್ಲಿ ಭಾವನೇ ಒಳಗೆ ಬಂದರು. ಕೈಯಲ್ಲಿ ಹಲ್ಲುಗಳ ಡಬ್ಬಿ, ಮುಖದಲ್ಲಿ ಕೆಂಡ. ನಾದಿನಿಯನ್ನು ಮಾತಾಡಿಸುವ ವ್ಯವಧಾನವೂ ಇಲ್ಲದೆ, ಡಬ್ಬಿಯನ್ನು ನೇರ ಆ ಕಲೆಯ ಪಕ್ಕದಲ್ಲೇ ಕುಕ್ಕಿದರು.

"ಮತ್ತೆ ವಾಪಸ್ ಕಳಿಸಿದಾನೆ ಆ ಡಾಕ್ಟರು! ಬಣ್ಣ ಹೊಂದ್ತಿಲ್ವಂತೆ, ಹಲ್ಲು ಹಳದಿಯಂತೆ. ಹೋದ ಸಲ ಆ ಲೇಡಿ ಡಾಕ್ಟರೂ ಇದನ್ನೇ ಹೇಳಿದ್ರು. ಎಲ್ಲರೂ ಸೇರ್ಕೊಂಡು ನನ್ನ ಹೊಟ್ಟೆ ಮೇಲೆ ಹೊಡೀತಿದಾರೆ. ನನಗೆ ಬಣ್ಣ ಹೇಳಿಕೊಡ್ತಾರಂತೆ, ನನಗೆ!" ಎನ್ನುತ್ತಾ ಕಟ್ಟೆಯ ಮೇಲೆ, ಕಲೆಯ ಮೇಲೆಯೇ, ಅಂಗೈ ಸವರಿದರು. "ನೋಡಮ್ಮಾ, ನೀನೇ ನೋಡು. ಈ ಬಿಳಿ ಆರಿಸಿದವನು ನಾನು. ಎಲ್ಲಾದ್ರೂ ಒಂದು ಚುಕ್ಕೆ ಇದೆಯಾ? ಇಂಥ ಬಿಳಿ ಬೇರೆ ಯಾರ ಮನೇಲಾದ್ರೂ ನೋಡಿದೀಯಾ?"

ತಂಗಿ ಅಕ್ಕನ ಮುಖ ನೋಡಿದಳು. "ಇಲ್ಲ ಭಾವ, ತುಂಬಾ ಚೆನ್ನಾಗಿದೆ" ಎಂದು ನಗು ತಡೆದುಕೊಂಡು, ಅಕ್ಕನ ಸೊಂಟಕ್ಕೆ ತಿವಿದು "ಬಚಾವಾದೆ ಬಿಡು" ಎಂದು ಪಿಸುಗುಟ್ಟಿ, ಟೀ ಲೋಟ ಹಿಡಿದು ನಡುಮನೆಗೆ ಹೋದಳು.

ಆಕೆಗೂ ಒಂದು ಗಳಿಗೆ ಹಾಗೆಯೇ ಅನ್ನಿಸಿತು. ಮರುಗಳಿಗೆಯಲ್ಲೇ ಬೇರೊಂದು ಹೊಳೆಯಿತು. ಬಾಗಿಲಲ್ಲಿ ನಿಂತವಳಿಗೆ ರಾಚಿದ ಹಳದಿ, ಇವರ ಮೂಗಿನ ಕೆಳಗೇ ಇತ್ತಲ್ಲ? ಹಾಗಾದರೆ ಡಾಕ್ಟರುಗಳು ಹೇಳುತ್ತಿರುವುದು ಸುಳ್ಳಲ್ಲ. ಈ ಕಣ್ಣನ್ನು ನಂಬಿಕೊಂಡು ಈ ಮನೆ ನಡೆಯುತ್ತಿದೆ. ಹಲ್ಲು ಮಾಡುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಕೆಲಸವೂ ಬಾರದು. ಏನೂ ಹೇಳದೆ ಸುಮ್ಮನಿರೋಣ ಎಂದುಕೊಂಡಳು. ನಾಳೆ ಇನ್ನೊಬ್ಬ ಡಾಕ್ಟರ ಜೊತೆ ಇವರು ಜಗಳ ಕಾಯುವುದು ಕಣ್ಣಮುಂದೆ ಬಂತು. ಸುಮ್ಮನಿರಲು ಆಗಲಿಲ್ಲ.

"ರೀ, ಬಿಸಿ ಬಾಣಲೆ ಇಟ್ಟು ನಾನು ಕಟ್ಟೆ ಸುಟ್ಟುಬಿಟ್ಟೆ. ಹಳದಿ ಆಗಿದೆ. ಎಷ್ಟು ಬೇಕಾದ್ರೂ ಬೈಯಿರಿ."

ಅವರ ಹುಬ್ಬು ಗಂಟಿಕ್ಕಿತು. "ಎಲ್ಲಿ?"

ದೇವರೇ, ಈಗಲಾದರೂ ಕಾಣಲಿ, ಬೈದು ಮನೆ ಹಾರಿಸಿಬಿಡಲಿ ಎಂದು ಆಕೆ ಕಾದಳು. ಅವರು ಬಗ್ಗಿ ಒಲೆಯ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ ಮತ್ತೆ ಹಾಕಿಕೊಂಡರು. ಕಿಟಕಿಯ ಪರದೆ ಪೂರ್ತಿ ಸರಿಸಿದರು. ಆಕೆ ತಡೆಯಲಾರದೆ ಅವರ ತೋರುಬೆರಳು ಹಿಡಿದು ಕಲೆಯ ಮೇಲಿಟ್ಟಳು.

"ಇಲ್ಲಿ."

ಬೆರಳು ಅಲ್ಲೇ ಉಳಿಯಿತು. ಅವರ ಕಣ್ಣು ಬೆರಳ ಸುತ್ತ ಇನ್ನೂ ಹುಡುಕುತ್ತಲೇ ಇತ್ತು.

"ನಿನ್ನ ತಂಗಿಗೆ ಕಂಡಿತಾ?"

"ಬಾಗಿಲಲ್ಲಿ ನಿಂತವಳಿಗೇ ಕಂಡಿತು."

ನಡುಮನೆಯಿಂದ ತಂಗಿ ಟೀ ಹೀರುವ ಸದ್ದು ಕೇಳುತ್ತಿತ್ತು. ಅವರು ಅತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, "ಅವಳಿಗೆ ಹೇಳಬೇಡ" ಎಂದರು.

"ಅವಳು ಆಗಲೇ ನೋಡಿದಾಳಲ್ಲರೀ."

"ಕಲೆ ವಿಷಯ ಅಲ್ಲ ಕಣೇ."