ಸಕ್ಕರೆಯಲ್ಲದ ಸಿಹಿ

ನಿದ್ದೆ ಚೆನ್ನಾಗಿ ಬರಲೆಂದು ಮಗಳು ತರಿಸಿಕೊಂಡ ಗ್ಲೈಸಿನ್ ಪುಡಿಯನ್ನು ಇವತ್ತು ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿಕೊಂಡೆ. ಖಾನಾಪುರದ ಅಜ್ಜಿಮನೆಯ ಪಡಸಾಲೆ ಕಣ್ಣ ಮುಂದೆ ಬಂತು.

ಅವ್ವ ಬೆಳಗಾವಿ ಹತ್ತಿರದ ಮಚ್ಛೆಯ ಔಷಧಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ಬೇಸಿಗೆ ಅವಳು ಕಾಯಿಲೆಯಿಂದ ರಜೆ ಹಾಕಿ ತವರಿಗೆ ಬಂದಿದ್ದಳು. ಬೆಳಗಾವಿಯ ಆಸ್ಪತ್ರೆಯ ಚಿಕಿತ್ಸೆಯಿಂದ ಕೂದಲು ಉದುರಿತ್ತು, ಬಾಯಿರುಚಿಯೂ ಹೋಗಿತ್ತು. ಅಜ್ಜಿ ಏನು ಮಾಡಿಕೊಟ್ಟರೂ ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಸಣ್ಣ ಬಾಟಲಿಯಿಂದ ಬಿಳಿ ಹರಳುಪುಡಿಯನ್ನು ನನ್ನ ಅಂಗೈಗೆ ಹಾಕಿದಳು. ನೆಕ್ಕಿದೆ.

“ಸಕ್ಕರಿ!” ಎಂದೆ.

“ಅಲ್ಲ, ಇದು ಗ್ಲೈಸಿನ್. ಅಮೈನೋ ಆಮ್ಲದಾಗ ಎಲ್ಲಾಕಿಂತ ಸಣ್ಣದು, ನಮ್ಮ ಮೈಯಾಗೂ ಐತಿ. ಉಳದವಕ್ಕೆಲ್ಲಾ ನಮ್ಮ ಕೈಯಂಗ ಎಡಾ, ಬಲಾ ಅಂತ ಐತಿ. ಇದಕ್ಕ ಇಲ್ಲ. ಕನ್ನಡ್ಯಾಗೂ ಇದು ಹಿಂಗ ಕಾಣತೈತಿ.”

“ಹುಡುಗಿಗೆ ಏನ ತಿನಸಾಕತ್ತೀ?” ಅಜ್ಜಿ ಅಡುಗೆಮನೆಯಿಂದ ಕೂಗಿದಳು.

“ತಿನ್ನೂದ ಐತಿ ಬೇ,” ಎಂದು ಅವ್ವ ತಾನೂ ಒಂದಿಷ್ಟು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಕಾದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

“ನಿನಗ ಸಿಹಿ ಹತ್ತತೈತಿ, ಹೌದಿಲ್ಲೋ?”

“ಹೂಂ. ಸಕ್ಕರಿಯಷ್ಟಲ್ಲ. ಮೊದಲ ತಣ್ಣಗ, ಆಮ್ಯಾಲೆ ಸಿಹಿ. ನುಂಗಿದರೂ ಬಾಯಾಗ ಉಳೀತೈತಿ.”

ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನನ್ನ ಕೈ ಹಿಡಿದು, “ಇನ್ನೊಮ್ಮೆ ಹೇಳು. ಸಾವಕಾಶ ಹೇಳು,” ಎಂದಳು.

ಶಾಲೆ ಶುರುವಾದಾಗ ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಗೆ ಅಪ್ಪ ಮತ್ತು ನಾನು ಇಬ್ಬರೇ ಮರಳಿದೆವು. ಆದರೆ ಅದಕ್ಕಿನ್ನೂ ಕೆಲವು ದಿನಗಳಿದ್ದವು. ಆ ಮಧ್ಯಾಹ್ನ ನಾನು ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಅವಳಿಗೆ ಮೊದಲಿನಿಂದ ಹೇಳತೊಡಗಿದೆ.