ಒಂದು ವಾರ ತಳ್ಳಿದ ಮುಹೂರ್ತ

"ಬಿಲ್ಲಿನಲ್ಲಿ ತಾರೀಕು ಅಕ್ಟೋಬರ್ ಎರಡು ಅಂತ ಉಂಟಲ್ಲ ಭಟ್ರೇ," ಎಂದು ಮಣಿಪಾಲದ ಕಂಪ್ಯೂಟರ್ ಅಂಗಡಿಯ ಡೆನಿಸ್ ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟ. "ಹೊಸ ವಿಂಡೋಸ್ ಫ್ರೀ ಸಿಗುವುದು ಇಪ್ಪತ್ತಾರರಿಂದ ಮೇಲೆ ತೆಗೊಂಡವರಿಗೆ ಮಾತ್ರ."

"ಎರಡನೇ ತಾರೀಕು ವಿಜಯದಶಮಿ," ಎಂದ ಹೃಷೀಕೇಶ ಭಟ್ಟ. "ಅಂಥ ದಿನ ವರ್ಷದಲ್ಲಿ ಇನ್ನೊಂದಿಲ್ಲ."

"ಇರಬಹುದು. ಸ್ಕೀಮ್ ಮಾಡಿದ ಕಂಪೆನಿಯವರು ಪಂಚಾಂಗ ನೋಡುವುದಿಲ್ಲ, ಅಲ್ವಾ?"

"ವಿದ್ಯಾಧೀಶ ತೆಗೊಂಡದ್ದೂ ನಿನ್ನ ಹತ್ತಿರವೇ. ಅದೇ ಕಂಪ್ಯೂಟರ್, ಅದೇ ಬೆಲೆ."

"ಅವರು ತಡೆದು ಬಂದರು. ನಿಮಗೆ ಎಂತ ಅರ್ಜೆಂಟಿತ್ತು ಮಾರಾಯ್ರೆ?"

ಹೃಷೀಕೇಶ ಬಿಲ್ಲು ಮಡಚಿ ಕಿಸೆಗೆ ಹಾಕಿಕೊಂಡು ಹೊರಬಿದ್ದ. ನಿಜ ಹೇಳಬೇಕೆಂದರೆ ಹೊಸ ವಿಂಡೋಸಿನಿಂದ ಏನು ಪ್ರಯೋಜನವೆಂದು ಅವನಿಗೆ ಗೊತ್ತಿರಲಿಲ್ಲ. ಜಾತಕದ ಸಾಫ್ಟ್‌ವೇರ್ ಹಳೆಯದರಲ್ಲೇ ಚೆನ್ನಾಗಿ ಓಡುತ್ತಿತ್ತು. ಆದರೆ ನಿನ್ನೆ ಕೊರಿಯರಿನವನು ಮನೆ ತಪ್ಪಿ, ವಿದ್ಯಾಧೀಶನ ಹೆಸರಿಗೆ ಬಂದ ಹೊಸ ವಿಂಡೋಸ್ ಡಿಸ್ಕಿನ ಲಕೋಟೆಯನ್ನು ತಂದು ಇವನ ಕೈಯಲ್ಲಿಟ್ಟಿದ್ದ. ಅದನ್ನು ಪಕ್ಕದ ಮನೆಗೆ ದಾಟಿಸಿ ಬಂದಾಗಿನಿಂದ ಅವನ ಹೊಟ್ಟೆಯೊಳಗೆ ಒಲೆ ಉರಿಯುತ್ತಿತ್ತು. ತನಗೆ ಬೇಡದ ವಸ್ತುವಾದರೂ ಆಗಲಿ, ಅವನಿಗೆ ಮಾತ್ರ ಯಾಕೆ ಬರಬೇಕು?

ವಿದ್ಯಾಧೀಶ ಅವನ ಚಿಕ್ಕಪ್ಪನ ಮಗ, ವರಸೆಯಲ್ಲಿ ತಮ್ಮ. ಕಡಿಯಾಳಿಯ ಓಣಿಯಲ್ಲಿ ಒಂದೇ ಗೋಡೆಗೆ ಎರಡು ಮನೆ, ಇಬ್ಬರಿಗೂ ಜಾತಕ ಬರೆಯುವ ಕೆಲಸ. ವಿಜಯದಶಮಿಗೆ ಹೃಷೀಕೇಶ ಕಂಪ್ಯೂಟರ್ ತಂದದ್ದೇ ತಡ, ಅಚ್ಚಾದ ಜಾತಕ ಬೇಕೆಂದು ಜನ ಇತ್ತ ತಿರುಗಿದರು. ಕೈಬರಹದ ವಿದ್ಯಾಧೀಶನ ಜಗಲಿ ಖಾಲಿಯಾಯಿತು. ಹೃಷೀಕೇಶ ಮೂರು ವಾರ ಸುಖವಾಗಿ ನಿದ್ದೆ ಮಾಡಿದ. ಅಷ್ಟರಲ್ಲಿ ದೀಪಾವಳಿ ಹತ್ತಿರವಾಯಿತು. ತಮ್ಮ ಬಂದು, ತಾನೂ ಒಂದು ಕಂಪ್ಯೂಟರ್ ತರುತ್ತೇನೆ, ದಿನ ನೋಡಿಕೊಡು ಎಂದ. ಪಂಚಾಂಗ ಅವನಿಗೂ ಬಾಯಿಪಾಠವೇ. ಆದರೆ ತನ್ನ ಮುಹೂರ್ತವನ್ನು ತಾನೇ ಇಟ್ಟುಕೊಳ್ಳಬಾರದು, ಹಿರಿಯನನ್ನು ಕೇಳಬೇಕು ಎಂಬುದು ಆ ಮನೆತನದ ಕ್ರಮ. ಹಿರಿಯ ಹೇಳಿದ ಮೇಲೆ ಮತ್ತೆ ಎಣಿಸಿ ನೋಡುವುದೂ ಇಲ್ಲ.

ಬಲಿಪಾಡ್ಯ ಕಣ್ಣೆದುರೇ ಇತ್ತು. ಶುಭಕಾರ್ಯಕ್ಕೆ ಪಂಚಾಂಗ ಬಿಡಿಸುವ ಅಗತ್ಯವೇ ಇಲ್ಲದ ದಿನ ಅದು. ಹೃಷೀಕೇಶ ಹಣೆ ಗಂಟಿಕ್ಕಿ, ಬೆರಳೆಣಿಸಿ, "ಪಾಡ್ಯ ನಿನ್ನ ನಕ್ಷತ್ರಕ್ಕೆ ಆಗುವುದಿಲ್ಲ. ಮೂವತ್ತನೇ ತಾರೀಕು ಸೋಮವಾರ ತಾ," ಎಂದಿದ್ದ. ಇನ್ನೂ ಒಂದು ವಾರವಾದರೂ ಓಣಿಯಲ್ಲಿ ತಾನೊಬ್ಬನೇ ಇರಬೇಕೆಂಬ ಆಸೆ. ಅದಕ್ಕಿಂತ ಹೆಚ್ಚು ತಳ್ಳಿದರೆ ಅನುಮಾನ ಬರುತ್ತಿತ್ತು. ತಮ್ಮ ಹೋದ ಮೇಲೆ ಹೆಂಡತಿ ಪಂಕಜಾ, "ಪಾಡ್ಯಕ್ಕೂ ದಿನ ನೋಡ್ಲಿಕ್ಕುಂಟಾ?" ಎಂದು ಕೇಳಿದಾಗ, "ನಿನಗೆ ಎಂತ ಗೊತ್ತು," ಎಂದು ಬಾಯಿ ಮುಚ್ಚಿಸಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಕೊಡಬಾರದೆಂದು ಕೈ ಬಿಗಿಹಿಡಿದದ್ದರಿಂದಲೇ ವರ ಸಿಕ್ಕಿತ್ತು.

ಬಸ್ಸಿಳಿದು ಮನೆಗೆ ಬಂದರೆ ಜಗಲಿಯಲ್ಲಿ ವಿದ್ಯಾಧೀಶ ಕಾದು ಕುಳಿತಿದ್ದ. ಎದುರಿಗೆ ಹರಿವಾಣ, ಅದರಲ್ಲಿ ಬಾಳೆಹಣ್ಣು, ವೀಳ್ಯದೆಲೆ, ಒಂದು ಪಂಚೆ. ಎಲ್ಲದರ ಮೇಲೆ ಆ ಹೊಸ ಡಿಸ್ಕು. ಅಣ್ಣನನ್ನು ಕಂಡವನೇ ಎದ್ದು ಕಾಲಿಗೆ ನಮಸ್ಕರಿಸಿದ.

"ನನ್ನಷ್ಟಕ್ಕೆ ಬಿಟ್ಟಿದ್ದರೆ ನಾನು ಪಾಡ್ಯಕ್ಕೇ ತರುತ್ತಿದ್ದೆ ಅಣ್ಣ. ಹಾಗೆ ತಂದಿದ್ದರೆ ಇದು ಸಿಗುತ್ತಿರಲಿಲ್ಲವಂತೆ, ಡೆನಿಸ್ ಹೇಳಿದ. ನೀನು ತಡೆದದ್ದು ಎಷ್ಟು ಒಳ್ಳೆಯದಾಯಿತು. ಇವತ್ತು ರಥಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ, ಮುಹೂರ್ತ ಅಂದರೆ ನಮ್ಮ ಅಣ್ಣನದ್ದು ಅಂತ."

"ಹ್ಞೂಂ," ಎಂದ ಹೃಷೀಕೇಶ. ಆ ಹೊಗಳಿಕೆ ಒಣ ಅವಲಕ್ಕಿಯ ಹಾಗೆ ಗಂಟಲಿಗೆ ಸಿಕ್ಕಿಕೊಂಡಿತು. ನುಂಗಿದರೆ ತಮ್ಮನ ಭಾಗ್ಯಕ್ಕೆ ತಾನೇ ಕಾರಣನೆಂದು ಒಪ್ಪಿದಂತೆ. ಉಗುಳಿದರೆ ಮಾನ ಹೋಗುತ್ತಿತ್ತು.

"ಇದನ್ನು ಕಂಪ್ಯೂಟರಿಗೆ ಹಾಕಲಿಕ್ಕೂ ನೀನೇ ಒಂದು ದಿನ ಹೇಳಬೇಕು."

ಹೃಷೀಕೇಶ ಪಂಚಾಂಗ ಬಿಡಿಸಿದ. ಆ ದಿನವೇ ಪ್ರಶಸ್ತವಾಗಿತ್ತು. ತಿಥಿ, ನಕ್ಷತ್ರ, ಯೋಗ ಎಲ್ಲವೂ ಕೂಡಿಬಂದಿದ್ದವು. ಬೆರಳು ಆ ಸಾಲಿನ ಮೇಲೆ ಒಂದು ಗಳಿಗೆ ನಿಂತಿತು. ಒಳಗಿನ ಒಲೆ ಮಾತ್ರ ಆರಿರಲಿಲ್ಲ. ಬೆರಳು ಕೆಳಗೆ ಜಾರುತ್ತಾ ಹೋಗಿ ಮುಂದಿನ ಪುಟ ತಿರುವಿತು.

"ಇವತ್ತು ಬೇಡ," ಎಂದ ಅವನು. "ಒಂದು ಹದಿನೈದು ದಿನ ಹೋಗಲಿ."

ವಿದ್ಯಾಧೀಶ ಆಗಲಿ ಎಂದು ತಲೆಯಾಡಿಸಿದ. ಕಾಫಿಯ ಲೋಟ ಇಡಲು ಬಂದ ಪಂಕಜಾ ಗಂಡನಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೇಳಿದಳು:

"ಅವತ್ತು ಒಂದು ವಾರ ತಳ್ಳಿದ್ದಕ್ಕೆ ಇಷ್ಟು ಸಿಕ್ಕಿತು. ಹದಿನೈದು ದಿನಕ್ಕೆ ಅವನಿಗೆ ಇನ್ನು ಎಂತೆಂತ ಕೊಡಿಸ್ತೀರೋ."