ಅಜ್ಜಿಯ ಗಂಟಲು

ರಾತ್ರಿಯೆಲ್ಲ ಸುರಿದ ಮಳೆ ಬೆಳಗಿನ ಹೊತ್ತಿಗೆ ಏನೂ ಅರಿಯದ ಕೂಸಿನಂತೆ ಸುಮ್ಮನಾಗಿತ್ತು. ಎಳೆಬಿಸಿಲು ಬಿದ್ದಿತ್ತು. ಪಾಯಕ್ಕೆಂದು ತೋಡಿದ ಆಳದ ಗುಂಡಿಯ ದಂಡೆಯಲ್ಲಿ ಕುಕ್ಕುರುಗಾಲಲ್ಲಿ ಕೂತ ಮಾಪಕದವಳ ಕೈಪೆಟ್ಟಿಗೆಯಲ್ಲಿ ಮಾತ್ರ ಅಂಕಿಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಏರುತ್ತಿದ್ದವು, ಮರುಕ್ಷಣ ಸೊನ್ನೆಗೆ ಬೀಳುತ್ತಿದ್ದವು.

ಆ ದಂಡೆಯಲ್ಲಿ ಕೊರೆದ ಕೊಳವೆಯ ತಳದಲ್ಲಿ ಒಂದು ಮಾಪಕವನ್ನು ಇಳಿಬಿಟ್ಟಿದ್ದರು. ಮಣ್ಣಿನೊಳಗೆ ನೀರು ಎಷ್ಟು ಒತ್ತುತ್ತಿದೆ ಎಂದು ಕೇಬಲ್ಲಿನ ಮೂಲಕ ಮೇಲಕ್ಕೆ ತಿಳಿಸುವುದು ಅದರ ಕೆಲಸ. ಒತ್ತಡ ಮಿತಿ ಮೀರಿದರೆ ದಂಡೆ ನಿಲ್ಲುವುದಿಲ್ಲ. ಕಾಣದ ಮೂಲೆಯಲ್ಲಿ ಕೂತು ಹಗಲೂ ರಾತ್ರಿ ಗೊಣಗುವ ಅದಕ್ಕೆ ಆಳುಗಳು ಅಜ್ಜಿ ಎಂದು ಹೆಸರಿಟ್ಟಿದ್ದರು.

"ಏನಂತಾಳಮ್ಮಾ ಅಜ್ಜಿ?" ಎಂದ ಮೇಸ್ತ್ರಿ. ಅವನ ಹಿಂದೆ ಕಾಂಕ್ರೀಟು ಲಾರಿ ಹೊಟ್ಟೆ ತಿರುಗಿಸುತ್ತ ನಿಂತಿತ್ತು. ತಡಮಾಡಿದರೆ ಹೊಟ್ಟೆಯಲ್ಲೇ ಕಲ್ಲಾಗುವ ಸರಕು. ಗುಂಡಿಗಿಳಿಯುವವರು ಏಣಿಯ ಬಳಿ ಸಾಲುಗಟ್ಟಿದ್ದರು. ಸಾಲಿನಲ್ಲಿ ಮೊದಲಿಗ ಮಾಪಕದವಳ ಗಂಡ.

"ಒಂದು ಮಾತಿನ ಮೇಲೆ ನಿಲ್ತಿಲ್ಲ ಅವಳು."

"ಹೋದ ವಾರಾನೂ ಹೀಗೇ ಅಂದು ಕೆಲಸ ನಿಲ್ಲಿಸಿದೆ. ಒಂದು ಹೆಂಟೆ ಮಣ್ಣೂ ಉದುರಲಿಲ್ಲ. ತೋಳ ಬಂತು ತೋಳ ಅಂತ ಎಷ್ಟು ಸಲ ಕೂಗ್ತೀಯ ತಾಯಿ?"

ಅವಳು ಕೇಬಲ್ಲಿನ ತುದಿಯನ್ನು ಪೆಟ್ಟಿಗೆಯಿಂದ ಬಿಚ್ಚಿದಳು. ಕರೆಂಟು ಅಳೆಯುವ ಮೀಟರಿನ ಒಂದು ಕಡ್ಡಿಯನ್ನು ತಂತಿಗೆ ಹಿಡಿದು ಇನ್ನೊಂದನ್ನು ನೆಲಕ್ಕೆ ಚುಚ್ಚಿದಳು. ತಂತಿಯಿಂದ ಮಣ್ಣಿಗೆ ಏನೂ ಹರಿಯಕೂಡದು. ಹರಿಯುತ್ತಿತ್ತು.

"ಕೇಬಲ್ಲಿಗೆ ಎಲ್ಲೋ ಗಾಯ ಆಗಿದೆ. ನೀರು ಕುಡಿದಿದೆ."

ಸಾಲಿನಲ್ಲಿ ನಿಂತವರ ಹೆಗಲುಗಳು ಸಡಿಲಾದವು. ಮೇಸ್ತ್ರಿ ನಕ್ಕ. "ಅಂದ್ರೆ ಅಜ್ಜಿಗೇನೂ ಆಗಿಲ್ಲ, ಗಂಟಲು ಕಟ್ಟಿದೆ ಅಷ್ಟೆ. ಇಳೀರಪ್ಪಾ."

"ಗಂಟಲು ಕಟ್ಟಿದವಳು ಆಕಳಿಸ್ತಾ ಇರಬಹುದು, ಬೆಂಕಿ ಬಿತ್ತು ಅಂತ ಕೂಗ್ತಾನೂ ಇರಬಹುದು. ಸರಿಯಾಗಿ ಕೇಳಿಸೋವರೆಗೂ ಯಾರೂ ಇಳೀಬೇಡಿ."

"ಗಾಯ ಎಲ್ಲಿದೆ ಅಂತ ಹುಡುಕ್ತೀಯ? ಇಷ್ಟೆತ್ತರ ಮಣ್ಣು ಬಿದ್ದಿದೆ. ಅಗೆಯೋದಕ್ಕೇ ಮಧ್ಯಾಹ್ನ ಆಗುತ್ತೆ."

ಅದೂ ನಿಜವೇ. ಕೇಬಲ್ ಹಾದುಹೋಗಿದ್ದ ಜಾಗದ ಮೇಲೆ ನಿನ್ನೆ ಸಂಜೆ ಅಗೆಯುವ ಯಂತ್ರ ಮಣ್ಣು ಸುರಿದು ಗುಡ್ಡೆ ಮಾಡಿತ್ತು. ಯಂತ್ರ ಓಡಿಸುವವನು ಅವಳ ಮೈದುನ. ಜೇಬಿನಲ್ಲಿ ಕೈಯಿಟ್ಟುಕೊಂಡು ಅಲ್ಲೇ ನಿಂತಿದ್ದ. ಅವಳು ಸಲಕರಣೆಯ ಡಬ್ಬಿ ತೆರೆದಳು. ಕತ್ತರಿ, ಇಕ್ಕಳ ತಂತಮ್ಮ ಜಾಗದಲ್ಲಿದ್ದವು. ಕಪ್ಪು ಟೇಪು ಕೂರುವ ದುಂಡನೆಯ ಗುಳಿ ಮಾತ್ರ ಬರಿದಾಗಿತ್ತು. ಅವಳು ತಲೆಯೆತ್ತಿದಳು.

"ನಿನ್ನೆ ಕೇಬಲ್ಲಿಗೆ ಏನಾದ್ರೂ ತಾಗಿತೇನೋ?"

"ಇಲ್ಲ ಅತ್ತಿಗೆ. ತಾಗಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?" ಅವನು ಯಂತ್ರದ ಕಡೆ ನೋಡುತ್ತ ಹೇಳಿದ.

"ಹುತ್ತ ಬಡಿದ್ರೆ ಹಾವು ಸಾಯಲ್ಲ ಕಣಮ್ಮಾ," ಎಂದು ಮೇಸ್ತ್ರಿ ಅವಳ ಗಂಡನ ಕಡೆ ತಿರುಗಿದ. "ನೀನಾದ್ರೂ ಹೇಳಪ್ಪಾ."

ಗಂಡ ಲಾರಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಬೇಗ ಇಳಿದು ಬೇಗ ಬಂದ್ಬಿಡ್ತೀನಿ ಬಿಡು," ಎಂದು ಏಣಿಗೆ ಕಾಲಿಟ್ಟ. ಒಂದು ಮೆಟ್ಟಿಲು ಇಳಿದ. ಇನ್ನೊಂದು ಇಳಿದ. ದಂಡೆಯ ಮೇಲೆ ಈಗ ಅವನ ಎದೆ, ತಲೆ ಮಾತ್ರ ಕಾಣುತ್ತಿದ್ದವು.

"ಅಣ್ಣಾ, ಅಲ್ಲೇ ಇರು."

ಮೈದುನ ಓಡಿಬಂದು ಗುಡ್ಡೆಯ ಅಂಚಿಗೆ ಮಂಡಿಯೂರಿ ಎರಡೂ ಕೈಯಿಂದ ಮಣ್ಣು ಕೆದರತೊಡಗಿದ. "ಇಲ್ಲಿ ಅತ್ತಿಗೆ. ಯಂತ್ರದ ಬಕೆಟ್ಟಿನ ಹಲ್ಲು ತಾಗಿತ್ತು. ಹೇಳಿದ್ರೆ ಕೆಲಸದಿಂದ ತೆಗೀತಾರೆ ಅಂತ... ಮನೆ ಮೋಟಾರಿನ ವೈರಿಗೆ ಸುತ್ತೋ ಹಾಗೆ ಸುತ್ತಿ ಮುಚ್ಚಿಬಿಟ್ಟೆ. ಆ ಮೋಟಾರು ಇವತ್ತಿಗೂ ಓಡ್ತಿದೆ."

"ಮೋಟಾರು ಕೂಗಾಡುತ್ತೆ ಕಣೋ. ಇದು ಪಿಸುಗುಟ್ಟೋದು," ಎಂದಳು ಅವಳು.

ಟೇಪಿನ ಗಂಟನ್ನು ಹಿಂಡಿದಳು. ಬೆರಳ ಸಂದಿಯಿಂದ ಕೆಸರುನೀರು ಇಳಿಯಿತು. ಕೊಳವೆಯ ಕಡೆಯ ತಂತಿಯನ್ನು ಒಣ ತಾಮ್ರ ಹೊಳೆಯುವವರೆಗೂ ಕತ್ತರಿಸಿ, ಸೆರಗಿನಿಂದ ಒರೆಸಿ, ನೇರವಾಗಿ ಪೆಟ್ಟಿಗೆಗೆ ಸಿಕ್ಕಿಸಿದಳು. ಒಳಗೊಳಗೇ ದೇವರನ್ನು ನೆನೆದಳು. ಅಂಕಿ ಕಡಿಮೆಯಿರಲಿ ಎಂದು ಬೇಡಲಿಲ್ಲ. ಇದ್ದದ್ದು ಇದ್ದ ಹಾಗೆ ಕಾಣಿಸಲಿ ಎಂದಷ್ಟೇ ಬೇಡಿದಳು.

ಅಂಕಿಗಳ ಕುಣಿತ ನಿಂತಿತು. ಅಂಕಿ ಮಿತಿಯ ಕೆಂಪು ಗೆರೆಯನ್ನು ದಾಟಿ, ಮೇಲೆ, ಅಲುಗದೆ ನಿಂತಿತು.

ಅವಳು ಪೆಟ್ಟಿಗೆಯನ್ನು ಮೇಸ್ತ್ರಿಯತ್ತ ಹಿಡಿದಳು. ಅವನು ಓದಿದ. ತುಟಿಯಲ್ಲೇ ಮತ್ತೊಮ್ಮೆ ಓದಿಕೊಂಡ. ಆಮೇಲೆ ತಾನೇ ಹೋಗಿ ಏಣಿಯಲ್ಲಿದ್ದವನಿಗೆ ಕೈಕೊಟ್ಟ. "ಹತ್ತಪ್ಪಾ. ಎಲ್ಲ ಹಿಂದಕ್ಕೆ ನಡೀರಿ. ಲಾರಿನೂ ಹಿಂದಕ್ಕೆ ತಗೋ."

ಎಲ್ಲರೂ ದೂರ ಹೋಗಿ ನಿಂತರು. ಲಾರಿಯ ಹೊಟ್ಟೆ ತಿರುಗುತ್ತಲೇ ಇತ್ತು. ಬಿಸಿಲೇರಿತು. "ಮತ್ತೆ ತೋಳ..." ಎಂದು ಯಾರೋ ಶುರುಮಾಡಿದ ಮಾತು ಅರ್ಧಕ್ಕೇ ನಿಂತಿತು. ಮಂಡಿಯ ಮೇಲೆ ಕೈಯೂರಿ ಮೆಲ್ಲಗೆ ಕೂರುವ ಮುದುಕಿಯ ಹಾಗೆ ಆ ದಂಡೆ ಏಣಿಯನ್ನೂ ಸೆಳೆದುಕೊಂಡು ಗುಂಡಿಯೊಳಗೆ ಕೂತಿತು. ಹೆಚ್ಚು ಸದ್ದೂ ಆಗಲಿಲ್ಲ.

ಮೇಸ್ತ್ರಿ ತಲೆಯ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಗಂಡ ಅಂಗೈಯ ಮಣ್ಣನ್ನು ಉಜ್ಜಿದ್ದನ್ನೇ ಉಜ್ಜುತ್ತಿದ್ದ. ಅವಳು ಡಬ್ಬಿ ತೆರೆದು ಕತ್ತರಿಯನ್ನು ಅದರ ಜಾಗದಲ್ಲಿಟ್ಟಳು.

ಮುಚ್ಚಳ ಹಾಕುವ ಮೊದಲು ಪಕ್ಕದಲ್ಲಿ ನೆರಳು ಬಂದು ಕೂತಿತು. ಮೈದುನ ಜೇಬಿನಿಂದ ಟೇಪಿನ ಸುರುಳಿ ತೆಗೆದು, ಕೆಸರನ್ನು ಅಂಗಿಗೆ ಒರೆಸಿ, ಆ ದುಂಡನೆಯ ಗುಳಿಯಲ್ಲಿ ಸದ್ದಾಗದಂತೆ ಇಟ್ಟ.